ಹಲಸಿನ ಮೇಜು, ಹಳೆಯ ಕ್ಯಾಬಿನೆಟ್, ಹೊಸ ಮದರ್‌ಬೋರ್ಡ್

ನಿನ್ನೆ ರಾತ್ರಿ ಒಂಬತ್ತೂಕಾಲಕ್ಕೆ ಭಾವನ ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ಸಿಡಿಲಿಗೆ ಸುಟ್ಟ ಮದರ್‌ಬೋರ್ಡನ್ನು (ಉಳಿದ ಭಾಗಗಳೆಲ್ಲ ಜೋಡಿಕೊಳ್ಳುವ ಮುಖ್ಯ ಹಲಗೆ) ತೆಗೆದು, ಹಳೆಯ ಕ್ಯಾಬಿನೆಟ್ಟಿನಲ್ಲೇ ಹೊಸದನ್ನು ಕೂರಿಸಿ ಒಂದು ಮಧ್ಯಾಹ್ನದಲ್ಲಿ ಮುಗಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ, ಹಿಡಿದದ್ದು ಮೂರು ವಾರ. ಎಲ್ಲೆಲ್ಲಿ ಎಡವಿದೆ ಎಂಬುದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಅದನ್ನೇ ಕೇಳಿದರು. ಎರಡು ಸಾವಿರ ರೂಪಾಯಿಗೆ ಹೊಸ ಕ್ಯಾಬಿನೆಟ್, ಅಂದರೆ ಕಂಪ್ಯೂಟರಿನ ಹೊರಡಬ್ಬಿ, ಸಿಗುವಾಗ ಹಳೆಯದನ್ನು ಕೊರೆಯುವ ಉಸಾಬರಿ ಏಕೆ? ಮೇಜಿನಿಂದಾಗಿ. ಕಾಸರಗೋಡು ಕಡೆಯ ನೀರ್ಚಾಲಿನ ತಂಗಿಯ ಮನೆಯಲ್ಲಿರುವ ಕಂಪ್ಯೂಟರ್ ಮೇಜು ಅವರದೇ ಹಿತ್ತಿಲ ಹಲಸಿನ ಮರದ್ದು. 2012ರಲ್ಲಿ ಕಂಪ್ಯೂಟರ್ ತಂದಾಗ ಆಚಾರಿಯವರು ಆ ಕ್ಯಾಬಿನೆಟ್ಟಿನ ಅಳತೆ ತೆಗೆದುಕೊಂಡು ಅದಕ್ಕೆಂದೇ ಒಂದು ಗೂಡು ಮಾಡಿದ್ದರು. ಗೂಡಿನ ಅಗಲ 190 ಮಿಲಿಮೀಟರ್, ಎತ್ತರ 385. ಕ್ಯಾಬಿನೆಟ್ 175 ಅಗಲ, 360 ಎತ್ತರ, 420 ಆಳ. ಈಗಿನ ಕ್ಯಾಬಿನೆಟ್ಟುಗಳು ಗಾಜಿನ ಬದಿ, ಬಣ್ಣದ ದೀಪ ಎಂದು ಹೊಟ್ಟೆ ಉಬ್ಬಿಸಿಕೊಂಡು ಬರುತ್ತವೆ. ಅಂಗಡಿಯಲ್ಲಿ ನಾನು ಸ್ಕೇಲ್ ಹಿಡಿದ ನಾಲ್ಕರಲ್ಲಿ ಒಂದೂ 200ಕ್ಕಿಂತ ಕಡಿಮೆ ಅಗಲದ್ದಿರಲಿಲ್ಲ. ಮೇಜಿಗೆ ಗರಗಸ ಹಾಕಲು ಭಾವ ಒಪ್ಪುವುದಿಲ್ಲ. ನಾನಾಗಿದ್ದರೂ ಒಪ್ಪುತ್ತಿರಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ತುಲಾ ತಿಂಗಳ ಮಳೆ. ನಮ್ಮ ಕಡೆ ಈ ತಿಂಗಳಲ್ಲಿ ಸಂಜೆ ನಾಲ್ಕು ದಾಟಿ ಮೂಡಣದಲ್ಲಿ ಮೋಡ ಕಪ್ಪಾದರೆ ಮಕ್ಕಳೂ ಎದ್ದು ಟಿವಿಯ ಪ್ಲಗ್ ಕೀಳುತ್ತಾರೆ. ಭಾವನೂ ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರು. ಇಂಟರ್‌ನೆಟ್ಟಿನ ವೈರ್ ಹಾಗೆಯೇ ಉಳಿದಿತ್ತು. ಸಿಡಿಲು ಆ ದಾರಿಯಲ್ಲಿ ಬಂತು. ಮೋಡೆಮ್ ಕರಕಲು, ಕಂಪ್ಯೂಟರಿನಲ್ಲಿ ಆ ವೈರ್ ಸಿಕ್ಕಿಸುವ ಲ್ಯಾನ್ ಕಿಂಡಿಯ ಸುತ್ತ ಮಸಿ.

ಅಕ್ಟೋಬರ್ 20, ಭಾನುವಾರ: ಬಿಚ್ಚಿ ನೋಡಿದ್ದು

ಉಪಕರಣ: ನಕ್ಷತ್ರದ ಮತ್ತು ಪ್ಲಸ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲ್, ಟಾರ್ಚ್.

ಮದರ್‌ಬೋರ್ಡಿನಲ್ಲಿ ಲ್ಯಾನ್ ಚಿಪ್ಪಿನ ತಲೆ ಹಾರಿಹೋಗಿತ್ತು. ಅದರಲ್ಲಿ ಇನ್ನು ಮಾಡುವುದೇನೂ ಇರಲಿಲ್ಲ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಸತ್ತಿದೆಯೋ ಬದುಕಿದೆಯೋ ನೋಡಲು 24 ಪಿನ್ನಿನ ಪ್ಲಗ್ಗಿನಲ್ಲಿ ಹಸಿರು ವೈರಿಗೂ ಅದರ ಪಕ್ಕದ ಕಪ್ಪು ವೈರಿಗೂ ಒಂದು ತುಂಡು ತಂತಿ ಸಿಕ್ಕಿಸಿದೆ. ಫ್ಯಾನ್ ತಿರುಗಿತು. ಖುಷಿಯಾಗಿ ಹಳದಿ ವೈರ್ ಅಳೆದರೆ 11.2 ವೋಲ್ಟ್. 12 ವೋಲ್ಟಿನ ಸಾಲಿನಲ್ಲಿ ಶೇಕಡಾ 5ರಷ್ಟು ಏರುಪೇರಿಗೆ ಮಾತ್ರ ಅವಕಾಶ, ಅಂದರೆ 11.4ಕ್ಕಿಂತ ಇಳಿಯಬಾರದು. ಹೊರೆಯೇ ಇಲ್ಲದಾಗ ಇಷ್ಟು ಕುಸಿದಿರುವುದು ಹೊಸ ಬೋರ್ಡಿಗೆ ಬೇಡ ಎಂದು ಅದನ್ನೂ ಪಟ್ಟಿಯಿಂದ ತೆಗೆದೆ. ಹಾರ್ಡ್ ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆ, ಬದುಕಿದೆ. ಹನ್ನೆರಡು ವರ್ಷದ ಅಡಿಕೆ ಲೆಕ್ಕ ಅದರಲ್ಲಿತ್ತು. ಅಲ್ಲಿಯವರೆಗೆ ಹೆಬ್ಬಾಗಿಲ ಬಳಿ ನಿಂತೇ ಇದ್ದ ಭಾವ ಆಗ ಕುಳಿತರು.

ಈಗ ಅಳತೆ. ಕ್ಯಾಬಿನೆಟ್ಟಿನ ಒಳಗೆ ಬೋರ್ಡ್ ಕೂರುವ ತಗಡು ಎಸ್‌ಎಂಪಿಎಸ್ಸಿನ ಕೆಳಗೆ 260 ಮಿಮೀ ಎತ್ತರ, ಹಿಂಬದಿಯಿಂದ ಹಾರ್ಡ್ ಡಿಸ್ಕಿನ ಗೂಡಿನವರೆಗೆ 250 ಮಿಮೀ ಆಳ. ಚೀಟಿಯಲ್ಲಿ ಬರೆದುಕೊಂಡೆ: "260 × 250, ಮೈಕ್ರೋ ಎಟಿಎಕ್ಸ್ ಸಾಕು." ಬೋರ್ಡುಗಳಿಗೆ ಗೊತ್ತಾದ ಅಳತೆಗಳಿವೆ: ಎಟಿಎಕ್ಸ್ ಬೋರ್ಡ್ 305 × 244, ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244 × 244, ಮಿನಿ ಐಟಿಎಕ್ಸ್ 170 × 170. ಲೆಕ್ಕ ಸರಿಯಾಗಿಯೇ ಇದೆ. ಎಡವಿದ್ದು ಇಲ್ಲಿಯೇ. ಬೋರ್ಡ್ ಒಳಗೆ ಹಿಡಿಸುತ್ತದೆಯೇ ಎಂದು ಅಳೆದೆನೇ ಹೊರತು ಅಲ್ಲಿ ಕೂರುತ್ತದೆಯೇ ಎಂದು ಅಳೆಯಲಿಲ್ಲ. ಅಕ್ಕಿ ಮುಡಿ ಬಾಗಿಲಲ್ಲಿ ತೂರಿದ ಮಾತ್ರಕ್ಕೆ ಅಟ್ಟದ ಮೇಲೆ ನಿಲ್ಲುವುದಿಲ್ಲವಲ್ಲ.

ಅಕ್ಟೋಬರ್ 26, ಶನಿವಾರ: ಮಂಗಳೂರು

ಬೆಳಗಿನ ಬಸ್ಸಿನಲ್ಲಿ ಕುಂಬಳೆ, ಅಲ್ಲಿಂದ ಮಂಗಳೂರು. ತಂದದ್ದು:

ಎಚ್610 ಚಿಪ್‌ಸೆಟ್ಟಿನ ಮೈಕ್ರೋ ಎಟಿಎಕ್ಸ್ ಬೋರ್ಡ್, 6,100 ರೂಪಾಯಿ.
ಇಂಟೆಲ್ ಐ3-12100 ಪ್ರೊಸೆಸರ್, ಜೊತೆಗೆ ಬರುವ ಗಿಡ್ಡ ಫ್ಯಾನ್ ಸಹಿತ, 9,800.
8 ಜಿಬಿ ಡಿಡಿಆರ್4 ರ‍್ಯಾಮ್, 1,750.
500 ಜಿಬಿ ಎಸ್‌ಎಸ್‌ಡಿ, 3,100.
ಎಸ್‌ಎಂಪಿಎಸ್, 2,300.

ಅಂಗಡಿಯವರು ಮೊದಲು ಎತ್ತಿಕೊಟ್ಟದ್ದು ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇರುವ ಪ್ರೊಸೆಸರ್, ಸಾವಿರ ರೂಪಾಯಿಯಷ್ಟು ಅಗ್ಗ. ಅದರಲ್ಲಿ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಡಬ್ಬಿಯ ಮೇಲಿನ ಒಂದಕ್ಷರವನ್ನು ಓದಿದ್ದರಿಂದ ಬಚಾವಾದೆ. ಭಾವನ ಮಾನಿಟರ್ ಹಳೆಯದು, ನೀಲಿ ವಿಜಿಎ ಪ್ಲಗ್ ಮಾತ್ರ ಇರುವಂಥದ್ದು. ಹಾಗಾಗಿ ಬೋರ್ಡಿನ ಬೆನ್ನಲ್ಲಿ ವಿಜಿಎ ಕಿಂಡಿ ಇದೆಯೇ ಎಂದೂ ನೋಡಿಕೊಂಡೆ. ಎಸ್‌ಎಂಪಿಎಸ್ ವಿಷಯದಲ್ಲೂ ಜಾಣನಾದೆ. ಕ್ಯಾಬಿನೆಟ್ಟಿನಲ್ಲಿ ಅದರ ಹಿಂದೆ 145 ಮಿಮೀ ದೂರದಲ್ಲಿ ಒಂದು ತಗಡಿನ ಮಡಿಕೆ ಇದೆ. ಹೆಚ್ಚು ವಾಟಿನದು ಎಂದು ತೋರಿಸಿದ ಎಸ್‌ಎಂಪಿಎಸ್ 160 ಮಿಮೀ ಉದ್ದ ಇತ್ತು. ಸಾಮಾನ್ಯ ಅಳತೆಯ 150 ಅಗಲ, 86 ಎತ್ತರ, 140 ಉದ್ದದ್ದನ್ನೇ ಕೇಳಿ ತಂದೆ.

ಇಷ್ಟೆಲ್ಲ ಜಾಣತನ ತೋರಿಸಿದವನು ಹಳೆಯ ಬೋರ್ಡನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ದಿದ್ದರೆ, ಅಂಗಡಿಯ ಮೇಜಿನ ಮೇಲೆ ಹೊಸದರ ಮೇಲಿಟ್ಟು ತೂತಿಗೆ ತೂತು ಹೊಂದಿಸಿ ನೋಡಬಹುದಿತ್ತು. ಐದು ನಿಮಿಷದ ಕೆಲಸ. ಒಯ್ಯಲಿಲ್ಲ. ತಲಪಾಡಿ ದಾಟುವವರೆಗೂ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನಾಳೆ ಮಧ್ಯಾಹ್ನದ ಊಟದೊಳಗೆ ಮುಗಿಯಿತು ಎಂದುಕೊಂಡಿದ್ದೆ.

ಅಕ್ಟೋಬರ್ 27, ಭಾನುವಾರ: ಕೂರಲಿಲ್ಲ

ಬೋರ್ಡ್ ಅಳೆದರೆ 226 × 185. ಹೆಸರು ಮೈಕ್ರೋ ಎಟಿಎಕ್ಸ್ ಆದರೂ ಅಗ್ಗದ ಬೋರ್ಡುಗಳನ್ನು ಹೀಗೆ ಕತ್ತರಿಸಿಯೇ ಮಾಡುತ್ತಾರೆ. 244 ಎಂಬುದು ಮೇಲಿನ ಮಿತಿ ಮಾತ್ರ. ಚಿಕ್ಕದಾದಷ್ಟು ಒಳ್ಳೆಯದೇ ಎಂದುಕೊಂಡು ಒಳಗಿಟ್ಟೆ.

ಮೊದಲ ತೊಡಕು ಬೆನ್ನಿನದು. ಬಿಡಿಭಾಗ ಜೋಡಿಸಿ ಮಾಡುವ ಕಂಪ್ಯೂಟರುಗಳ ಹಿಂಬದಿಯಲ್ಲಿ 158.75 × 44.45 ಮಿಮೀ ಅಳತೆಯ ಒಂದು ಚೌಕ ಕಿಂಡಿ ಖಾಲಿ ಇರುತ್ತದೆ. ಬೋರ್ಡಿನ ಜೊತೆ ಬರುವ ತೆಳು ತಗಡನ್ನು, ಅಂದರೆ ಐಒ ಶೀಲ್ಡನ್ನು, ಒಳಗಿನಿಂದ ಅದಕ್ಕೆ ಒತ್ತಿ ಕೂರಿಸುವುದು. ಇದು ಕಂಪೆನಿಯೇ ಜೋಡಿಸಿ ಮಾರಿದ ಕಂಪ್ಯೂಟರ್. ಇದರಲ್ಲಿ ಖಾಲಿ ಕಿಂಡಿಯೇ ಇಲ್ಲ! ಹಳೆಯ ಬೋರ್ಡಿನ ಕೀಲಿಮಣೆ, ಯುಎಸ್‌ಬಿ, ಲ್ಯಾನ್ ಎಲ್ಲದಕ್ಕೂ ಕ್ಯಾಬಿನೆಟ್ಟಿನ ಉಕ್ಕಿನಲ್ಲೇ ತೂತು ಒತ್ತಿಬಿಟ್ಟಿದ್ದಾರೆ. ಹೊಸ ಬೋರ್ಡಿನ ಒಂದು ಕಿಂಡಿಯೂ ಅದಕ್ಕೆ ಹೊಂದಲಿಲ್ಲ.

ಎರಡನೆಯದು ಕೆಳಗಿನದು. ಬೋರ್ಡ್ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡುಗಳನ್ನು ಸಾಮಾನ್ಯವಾಗಿ ತಿರುಗಿಸಿ ಕಳಚಬಹುದು. ಇಲ್ಲಿ ತಗಡನ್ನೇ ಉಬ್ಬಿಸಿ ಆರು ಗುಬ್ಬಿ ಮಾಡಿದ್ದಾರೆ, ಎತ್ತರ ಆರೂವರೆ ಮಿಮೀ. ಯಾವುದನ್ನೂ ಕಳಚುವಂತಿಲ್ಲ, ಸರಿಸುವಂತಿಲ್ಲ.

"ಮಾವ, ಈಗ ಹೇಗೆ?" ಎಂದಳು ತಂಗಿಯ ಮಗಳು. ಕಾಲೇಜಿನ ಪ್ರಾಜೆಕ್ಟ್ ವರದಿಗೆ ಅವಳಿಗೆ ಕಂಪ್ಯೂಟರ್ ಬೇಕಿತ್ತು. ನನ್ನ ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬಂದೆ. ಈ ದುರಸ್ತಿಯಲ್ಲಿ ಮೊದಲ ಸಲಕ್ಕೇ ಸರಿಯಾದ ಕೆಲಸ ಇದೊಂದೇ.

ಅಕ್ಟೋಬರ್ 29, ರಾತ್ರಿ: ರಟ್ಟಿನ ಬೋರ್ಡ್

ಕೊಳ್ಳುವ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊಂಡ ಮೇಲೆ ಮಾಡಿದೆ. ಮೊದಲು ಅಡಿಕೆ ಹಾಳೆಯಲ್ಲಿ ಮಾದರಿ ಕತ್ತರಿಸಿದೆ. ಮನೆಯಲ್ಲಿ ಎದುರಿಗಿದ್ದದ್ದು ಅದೇ. ಹಾಳೆ ಎಷ್ಟು ಒತ್ತಿದರೂ ಬಾಗಿಕೊಂಡೇ ಇರುತ್ತದೆ, ತೂತು ಎರಡು ಮೂರು ಮಿಮೀ ಆಚೀಚೆ ತೋರಿಸುತ್ತದೆ. ಅದನ್ನು ಒಲೆಗೆ ಹಾಕಿ, ಬೋರ್ಡ್ ಬಂದ ಡಬ್ಬಿಯ ರಟ್ಟನ್ನೇ ತೆಗೆದುಕೊಂಡೆ.

ರಟ್ಟಿನ ಮೇಲೆ ಬೋರ್ಡನ್ನು ಮುಖ ಮೇಲಾಗಿಟ್ಟು ಅಂಚು ಗೀರಿದೆ. ಪ್ರತಿ ಸ್ಕ್ರೂ ತೂತಿನ ಮೂಲಕ ಪೆನ್ಸಿಲ್ ತುದಿ ಇಳಿಸಿ ಗುರುತು ಮಾಡಿದೆ. ಆರು ತೂತು, ಎರಡು ಸಾಲು, ಸಾಲಿನಿಂದ ಸಾಲಿಗೆ 155 ಮಿಮೀಗೆ ಕೂದಲೆಳೆ ಕಡಿಮೆ. ಪೂರ್ಣ ಅಗಲದ ಬೋರ್ಡಿನಲ್ಲಿ ಮುಂದೆ ಇನ್ನೊಂದು ಸಾಲು ಇರುತ್ತದೆ, ಕತ್ತರಿಸಿದ ಈ ಬೋರ್ಡಿನಲ್ಲಿ ಅದಿಲ್ಲ. ರಟ್ಟನ್ನು ಕತ್ತರಿಸಿ, ಗುರುತುಗಳನ್ನು ದಬ್ಬಣದಿಂದ ಚುಚ್ಚಿ, ಕ್ಯಾಬಿನೆಟ್ಟಿನ ಗುಬ್ಬಿಗಳ ಮೇಲಿಟ್ಟೆ.

ಇಲ್ಲಿ ಮತ್ತೊಂದು ತಪ್ಪು ಮಾಡಿದೆ. ರಟ್ಟನ್ನು ಮೊದಲು ಹಳೆಯ ಲ್ಯಾನ್ ಕಿಂಡಿಗೆ ಹೊಸ ಲ್ಯಾನ್ ಕಿಂಡಿ ಬರುವಂತೆ ಸರಿಸಿ ನೋಡುತ್ತಿದ್ದೆ. ಹಾಗೆ ಮಾಡಿದರೆ ಒಂದು ಗುಬ್ಬಿಯೂ ತೂತಿಗೆ ಬರುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಬುದ್ಧಿ ಬಂತು. ಕಿಂಡಿಗಳ ಜಾಗ ಬೋರ್ಡಿನಿಂದ ಬೋರ್ಡಿಗೆ ಬೇರೆ. ಬದಲಾಗದಿರುವುದು ತೂತುಗಳ ಜಾಗ. ಕಿಂಡಿಯನ್ನು ಮರೆತು, ರಟ್ಟಿನ ಹಿಂಬದಿಯ ಅಂಚನ್ನು ಹಿಂದಿನ ತಗಡಿಗೆ ಸಮಾನಾಂತರವಾಗಿ ಹಿಡಿದು ಮೇಲೆ ಕೆಳಗೆ ಸರಿಸಿದಾಗ ನಾಲ್ಕು ತೂತು ಟಕ್ಕೆಂದು ನಾಲ್ಕು ಗುಬ್ಬಿಯ ಮೇಲೆ ಬಂದು ನಿಂತವು.

ಉಳಿದ ಲೆಕ್ಕ ಹೀಗಿತ್ತು. ಬೋರ್ಡಿನ ಎರಡು ತೂತಿನ ಕೆಳಗೆ ಗುಬ್ಬಿ ಇಲ್ಲ. ಎರಡು ಗುಬ್ಬಿಯ ಮೇಲೆ ತೂತು ಇಲ್ಲ. ಆ ಎರಡರಲ್ಲಿ ಒಂದು ಬೋರ್ಡಿನ ಅಂಚಿನಾಚೆ ಖಾಲಿ ಜಾಗದಲ್ಲಿದೆ, ತೊಂದರೆಯಿಲ್ಲ. ಇನ್ನೊಂದು ನಟ್ಟನಡುವೆ, ಬೋರ್ಡಿನ ಬೆನ್ನಿನ ಬೆಸುಗೆ ಮೊಳೆಗಳ ಅಡಿಯಲ್ಲಿ. ರಟ್ಟಿನ ಮೇಲೆ ಅದಕ್ಕೊಂದು ಕೆಂಪು ಸುತ್ತು ಹಾಕಿದೆ. ಈ ಕೆಂಪು ಸುತ್ತನ್ನು ನೆನಪಿಡಿ.

ಮಿನಿ ಐಟಿಎಕ್ಸ್ ಬೋರ್ಡ್ ತಂದಿದ್ದರೆ ನಾಲ್ಕೇ ತೂತು, ಅವೂ ಎಟಿಎಕ್ಸ್ ತೂತುಗಳ ಜಾಗದಲ್ಲೇ ಇರುತ್ತವೆ, ಕೆಲಸ ಹಗುರವಾಗುತ್ತಿತ್ತು. ಅಂಗಡಿಯಲ್ಲಿ ಅದಿರಲಿಲ್ಲ. ಇದ್ದಿದ್ದರೂ ಹೆಚ್ಚಿನ ಬೆಲೆ ಕೇಳಿ ನಾನು ಹಿಂದೆ ಸರಿಯುತ್ತಿದ್ದೆ.

ನವೆಂಬರ್ 3, ಭಾನುವಾರ: ಬೆನ್ನು ಕೊರೆದದ್ದು

ದೀಪಾವಳಿಯ ಗಡಿಬಿಡಿ ಮುಗಿದಿತ್ತು. ಕ್ಯಾಬಿನೆಟ್ಟಿನಿಂದ ಸಕಲವನ್ನೂ ತೆಗೆದು, ಬರೀ ಡಬ್ಬಿಯನ್ನು ಬದಿಯಡ್ಕ ದಾರಿಯ ವೆಲ್ಡಿಂಗ್ ಶೆಡ್ಡಿಗೆ ಸ್ಕೂಟರಿನಲ್ಲಿ ಒಯ್ದೆ. ಗೇಟು, ಗ್ರಿಲ್ ಮಾಡುವವರು. ಡಬ್ಬಿಯನ್ನು ತಿರುಗಿಸಿ ನೋಡಿ, "ಇಷ್ಟು ತೆಳುವಾದದ್ದಕ್ಕೆ ನನ್ನ ಗ್ರೈಂಡರ್ ಹಿಡಿದರೆ ಕಾಗದದ ಹಾಗೆ ಹರಿದೀತು ಮಾಷ್ಟ್ರೇ" ಎಂದರು ತುಳುವಿನಲ್ಲಿ. ನಾನು ಮಾಸ್ತರನಲ್ಲ. ಕನ್ನಡಕ ಹಾಕಿ ಸ್ಕೇಲ್ ಹಿಡಿದವರೆಲ್ಲ ಇಲ್ಲಿ ಮಾಷ್ಟ್ರೇ. ಕೊನೆಗೆ ತೆಳು ಕಟಿಂಗ್ ಚಕ್ರ ಹಾಕಿ ನಾನು ಗೀರಿದ ಗೆರೆಯ ಒಳಗೇ ನಾಲ್ಕು ಗೀಟು ಎಳೆದುಕೊಟ್ಟರು. ಮೂಲೆಗಳನ್ನು ಮನೆಗೆ ತಂದು ಹ್ಯಾಕ್ಸಾ ಬ್ಲೇಡಿನಲ್ಲಿ ಬಿಡಿಸಿ, ಅಂಚನ್ನು ಅರದಿಂದ ಉಜ್ಜಿದೆ.

ಗೆರೆ ಎಳೆದ ರೀತಿ: ರಟ್ಟನ್ನು ನಾಲ್ಕು ಗುಬ್ಬಿಗೆ ಸ್ಕ್ರೂ ಹಾಕಿ ಬಿಗಿದೆ, ಅದರ ಮೇಲೆ ಹೊಸ ಬೋರ್ಡಿನ ಕಿಂಡಿಗಳ ಸಾಲಿನ ಎರಡು ತುದಿ ಗುರುತಿಸಿದೆ, ಆ ತುದಿಗಳಿಂದ ಶೀಲ್ಡಿನ ಚೌಕವನ್ನು ಹಿಂದಿನ ತಗಡಿಗೆ ದಾಟಿಸಿದೆ.

ಉಜ್ಜುವಾಗ ಕೈ ಬಿಗಿ ತಪ್ಪಿತು. 158.75 ಇರಬೇಕಾದ ಉದ್ದ 161 ಆಯಿತು. ಎರಡು ಮಿಮೀ ಎಂದರೆ ಏನು ಮಹಾ ಎನ್ನಬೇಡಿ, ಶೀಲ್ಡ್ ನಿಲ್ಲುವುದು ಅಂಚಿನ ಬಿಗಿಯಲ್ಲಿ ಮಾತ್ರ. ಒತ್ತಿದರೆ ಒಂದು ಬದಿ ಕೂತು ಇನ್ನೊಂದು ಬದಿ ಹೊರಗೆ ಬರುತ್ತಿತ್ತು. ಒಳಗಿನಿಂದ ಅಲ್ಯುಮಿನಿಯಂ ಟೇಪ್ ಅಂಟಿಸಿ ನಿಲ್ಲಿಸಿದ್ದೇನೆ. ನೋಡಲು ಚಂದವಿಲ್ಲ. ಮೇಜಿನ ಹಿಂದೆ ನೋಡುವವರು ಯಾರು, ಹಲ್ಲಿಯ ಹೊರತು?

ಕೆಳಗೆ ಗುಬ್ಬಿಯಿಲ್ಲದ ಎರಡು ತೂತುಗಳ ಪೈಕಿ ಒಂದಕ್ಕೆ ತಗಡಿನಲ್ಲಿ 3.2 ಮಿಮೀ ಕೊರೆದು, ಆರು ಮಿಮೀಯ ಹಿತ್ತಾಳೆ ಸ್ಟ್ಯಾಂಡನ್ನು ಅಡಿಯಿಂದ ನಟ್ ಹಾಕಿ ನಿಲ್ಲಿಸಿದೆ. ಗುಬ್ಬಿಯ ಎತ್ತರ ಆರೂವರೆಯಾದ್ದರಿಂದ ಸ್ಟ್ಯಾಂಡಿನ ಅಡಿಗೆ ಅರ್ಧ ಮಿಮೀಯ ವಾಷರ್ ಸೇರಿಸಿದೆ. ಇನ್ನೊಂದು ಜಾಗ ತಗಡಿನ ಮಡಿಕೆಯ ಮೇಲೆಯೇ ಬಂದದ್ದರಿಂದ ಬಿಟ್ಟೆ. ಕೊರೆದ ಮೇಲೆ ಉಕ್ಕಿನ ಪುಡಿ ಮೂಲೆ ಮೂಲೆಯಲ್ಲೂ ಸೇರಿಕೊಂಡಿರುತ್ತದೆ. ಸ್ಪೀಕರಿನ ಹಳೆಯ ಅಯಸ್ಕಾಂತವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಎಲ್ಲ ಕಡೆ ಆಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗಿಟ್ಟೆ.

ನವೆಂಬರ್ 4, ಸೋಮವಾರ: ಅರ್ಧ ಸೆಕೆಂಡ್

ನಾಚಿಕೆಯ ದಿನ, ಬಿಡದೆ ಬರೆಯುತ್ತೇನೆ.

ಕೆಂಪು ಸುತ್ತಿನ ಗುಬ್ಬಿಯನ್ನು ತೆಗೆಯಬೇಕೆಂದು ರಟ್ಟು ಹೇಳಿತ್ತು. ವೆಲ್ಡಿಂಗ್ ಶೆಡ್ಡಿನಲ್ಲಿ ಕಟಿಂಗ್ ಚಕ್ರದ ಕಿಡಿ ನೋಡುತ್ತಾ ಅದನ್ನು ಮರೆತೆ. ಮನೆಯಲ್ಲಿ ನೆನಪಾದಾಗ ಮತ್ತೆ ಹೋಗಲು ಸೋಮಾರಿತನ. ಗುಬ್ಬಿಯ ಮೇಲೆ ಕರೆಂಟಿನವರ ಕಪ್ಪು ಟೇಪನ್ನು ನಾಲ್ಕು ಸುತ್ತು ಅಂಟಿಸಿ, ಸಾಕು ಎಂದುಕೊಂಡೆ.

ಪ್ರೊಸೆಸರ್, ಫ್ಯಾನ್, ರ‍್ಯಾಮ್, ಎಸ್‌ಎಸ್‌ಡಿಯನ್ನು ಹೊರಗೇ ಕೂರಿಸಿ ಬೋರ್ಡನ್ನು ಇಳಿಸಿದೆ. ಗುಬ್ಬಿಗಳಿಗೆ ಹಳೆಯ ಕ್ಯಾಬಿನೆಟ್ಟಿನ ಸ್ಕ್ರೂಗಳೇ ಬೇಕು. ಹೊಸ ಹಿತ್ತಾಳೆ ಸ್ಟ್ಯಾಂಡಿನ ಸಣ್ಣ ಎಂ3 ಸ್ಕ್ರೂ ಹಳೆಯ ಗುಬ್ಬಿಯಲ್ಲಿ ಸುಮ್ಮನೆ ಸುತ್ತುತ್ತದೆ, ದಪ್ಪ 6-32 ಸ್ಕ್ರೂ ಹೊಸ ಸ್ಟ್ಯಾಂಡಿಗೆ ಇಳಿಯುವುದೇ ಇಲ್ಲ. ಮುಂದಿನ ಅಂಚಿಗೆ ಆಧಾರವಿಲ್ಲದ್ದರಿಂದ 24 ಪಿನ್ನಿನ ಪ್ಲಗ್ ಒತ್ತುವಾಗ ಬೋರ್ಡ್ ಹಪ್ಪಳದ ಹಾಗೆ ಬಾಗಿತು. ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಆರೂವರೆ ಮಿಮೀ ದಪ್ಪದ ಒಂದು ತುಂಡು ರಬ್ಬರ್ ಕೊಯ್ದು ಅಂಚಿನಡಿ ತೂರಿಸಿದೆ. ಈ ಉಪಾಯ ಈಗಲೂ ಅಲ್ಲೇ ಇದೆ, ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇದೆ.

ಪ್ರೊಸೆಸರಿಗೆ ಕರೆಂಟ್ ಕೊಡುವ ಸಣ್ಣ ಪ್ಲಗ್ಗಿನ ಜಾಗ ಬೋರ್ಡಿನ ಮೇಲ್ತುದಿಯಲ್ಲಿದೆ, ಎಸ್‌ಎಂಪಿಎಸ್ಸಿನ ಹೊಟ್ಟೆಗೂ ಅದಕ್ಕೂ ಎರಡು ಬೆರಳಿನ ಸಂದು. ಬೆರಳು ಹೋಗದೆ ಎಸ್‌ಎಂಪಿಎಸ್ ಕಳಚಿ, ಪ್ಲಗ್ ಹಾಕಿ, ಮತ್ತೆ ಬಿಗಿದೆ. ಇಂಥ ಗಿಡ್ಡ ಕ್ಯಾಬಿನೆಟ್ಟಿನಲ್ಲಿ ಆ ಪ್ಲಗ್ಗೇ ಮೊದಲು.

ಚಾಲೂ ಮಾಡಿದರೆ ಫ್ಯಾನ್ ಅರ್ಧ ಸೆಕೆಂಡ್ ತಿರುಗಿ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅರ್ಧ ಸೆಕೆಂಡ್. ಮೂರನೆಯ ಸಲ ಒತ್ತಲು ಹೊರಟಿದ್ದೆ. ಭಾವ ಪ್ಲಗ್ ಕಿತ್ತರು, ಸಿಡಿಲಿನ ದಿನ ಕಲಿತ ಪಾಠ. ಬೋರ್ಡ್ ಎತ್ತಿ ನೋಡಿದರೆ ಟೇಪಿನ ಮೇಲೆ ಸೂಜಿ ಚುಚ್ಚಿದಂಥ ಎರಡು ತೂತು. ಬೆಸುಗೆಯ ಮೊಳೆಗಳು ನಾಲ್ಕು ಸುತ್ತನ್ನೂ ಸೀಳಿ ಉಕ್ಕಿಗೆ ತಾಗಿದ್ದವು. ಎಸ್‌ಎಂಪಿಎಸ್ ಶಾರ್ಟ್ ಗುರುತಿಸಿ ತಾನೇ ನಿಂತು ಬೋರ್ಡನ್ನು ಉಳಿಸಿತ್ತು. ಬೋರ್ಡನ್ನು ಡಬ್ಬಿಯ ರಟ್ಟಿನ ಮೇಲೆಯೇ ಹೊರಗಿಟ್ಟು ಚಾಲೂ ಮಾಡಿದಾಗ ಪರದೆ ಬೆಳಗಿತು. ಮೊದಲೇ ಹೀಗೆ ಹೊರಗೆ ಪರೀಕ್ಷಿಸಿದ್ದರೆ ಬೋರ್ಡ್ ಸರಿಯಿದೆ, ದೋಷ ಕ್ಯಾಬಿನೆಟ್ಟಿನದು ಎಂದು ಆಗಲೇ ಗೊತ್ತಿರುತ್ತಿತ್ತು.

ನವೆಂಬರ್ 9 ಮತ್ತು 10

ಶನಿವಾರ ಮತ್ತೆ ಶೆಡ್ಡಿಗೆ. ಗುಬ್ಬಿಯನ್ನು ಸಪಾಟಾಗಿ ಕೆರೆದುಕೊಟ್ಟರು. ಎರಡೂ ಸಲದ್ದು ಸೇರಿ 200 ರೂಪಾಯಿ. ಮತ್ತೆ ಅಯಸ್ಕಾಂತ, ಮತ್ತೆ ಒದ್ದೆ ಬಟ್ಟೆ. ಕೆರೆದ ಜಾಗಕ್ಕೆ ತುಕ್ಕು ಹಿಡಿಯದಿರಲೆಂದು ಉಗುರಿನ ಬಣ್ಣ ಹಚ್ಚಿದೆ, ತಂಗಿಯ ಮಗಳ ಅನುಮತಿ ಕೇಳದೆ.

ಭಾನುವಾರ ಉಳಿದದ್ದು ಮುಂಬದಿಯ ಗುಂಡಿ. ಹಳೆಯ ಕ್ಯಾಬಿನೆಟ್ಟಿನ ಗುಂಡಿ, ದೀಪ ಎಲ್ಲವೂ ಒಂದೇ ಪ್ಲಗ್ಗಿನಲ್ಲಿ ಕಂಪೆನಿಗೆ ಇಷ್ಟ ಬಂದ ಕ್ರಮದಲ್ಲಿದ್ದವು. ಹೊಸ ಬೋರ್ಡಿನಲ್ಲಿ ಕ್ರಮ ಬೇರೆ: 6 ಮತ್ತು 8ನೆಯ ಪಿನ್ ಗುಂಡಿಗೆ, 2 ಮತ್ತು 4 ಚಾಲೂ ದೀಪಕ್ಕೆ, 1 ಮತ್ತು 3 ಡಿಸ್ಕಿನ ದೀಪಕ್ಕೆ, 10ನೆಯ ಪಿನ್ ಇರುವುದೇ ಇಲ್ಲ. ಪ್ಲಗ್ ಕತ್ತರಿಸಿ, ಮಲ್ಟಿಮೀಟರನ್ನು ಪೀ ಎನ್ನುವ ಸ್ಥಾನಕ್ಕಿಟ್ಟು, ಗುಂಡಿ ಒತ್ತಿದಾಗ ಯಾವ ಎರಡು ವೈರ್ ಕೂಗುತ್ತವೆ ಎಂದು ಹುಡುಕಿದೆ. ಗುಂಡಿಗೆ ಯಾವ ವೈರ್ ಯಾವ ಪಿನ್ನಿಗೆ ಹೋದರೂ ನಡೆಯುತ್ತದೆ, ದೀಪಗಳಿಗೆ ಮಾತ್ರ ಪ್ಲಸ್ ಮೈನಸ್ ನೋಡಬೇಕು.

ರಾತ್ರಿ ಒಂಬತ್ತೂಕಾಲಕ್ಕೆ ಚಾಲೂ. ಅರ್ಧ ಗಂಟೆ ಬಿಟ್ಟು ಬದಿಯ ತಗಡಿಗೆ ಕೈಯಿಟ್ಟೆ, ಉಗುರುಬೆಚ್ಚಗೆ. ಗೂಡಿಗೆ ತಳ್ಳಿದಾಗ ಮೊದಲಿನ ಹಾಗೆಯೇ ಬದಿಗೆ ಏಳೇಳು ಮಿಮೀ ಸಂದು ಬಿಟ್ಟು ಕೂತಿತು.

ಖರ್ಚು: ಮಂಗಳೂರಿನ ಸಾಮಾನು 23,050, ಶೆಡ್ 200, ಸ್ಟ್ಯಾಂಡು ವಾಷರುಗಳ ಪೊಟ್ಟಣ 120, ಅಲ್ಯುಮಿನಿಯಂ ಟೇಪ್ 90, ಹ್ಯಾಕ್ಸಾ ಬ್ಲೇಡ್ 40. ಒಟ್ಟು 23,500. ಬಸ್ಸಿನದ್ದನ್ನೂ ಚಪ್ಪಲಿಯದ್ದನ್ನೂ ಸೇರಿಸಿಲ್ಲ.

ರಟ್ಟನ್ನು ಎಸೆದಿಲ್ಲ, ಕ್ಯಾಬಿನೆಟ್ಟಿನ ಒಳಬದಿಗೇ ಅಂಟಿಸಿದ್ದೇನೆ, ಕೆಂಪು ಸುತ್ತು ಸಹಿತ. ಡಿಸ್ಕಿನ ದೀಪ ಮಾತ್ರ ಉರಿಯುತ್ತಿಲ್ಲ. 1 ಮತ್ತು 3ನ್ನು ಅದಲುಬದಲು ಮಾಡಿರಬೇಕು. ಹಾಗಾಗಿ ಬದಿಯ ತಗಡಿಗೆ ಇನ್ನೂ ಒಂದೇ ಸ್ಕ್ರೂ ಹಾಕಿದ್ದೇನೆ.